ಎದುರು ಪುಟದ ಮಾತು

ಹೂವಿನ ಮೇಲೆ ಕೂತ ಪಾತರಗಿತ್ತಿಯ ಹಳೇ ಚಿತ್ರ ನೋಡಿ ‘ಎಷ್ಟು ಚೆಂದ’ ಎನ್ನುವುದು ಸುಲಭ. ಆ ಚೆಂದದ ಹಿಂದೆ ಯಾರ ಬೆವರಿದೆ, ಯಾರ ತಿಳಿವಳಿಕೆಯಿದೆ ಎಂದು ನಾವು ಕೇಳುವುದಿಲ್ಲ. ಒಂದೇ ಒಂದು ಚಿತ್ರ ಹಿಡಿದು ಇದನ್ನು ಕೇಳಿ ನೋಡೋಣ.

ಮರಿಯಾ ಸಿಬಿಲ್ಲಾ ಮೇರಿಯನ್ 1647ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಹುಟ್ಟಿದ ಚಿತ್ರಕಾರ್ತಿ. ಹುಳು ಕೋಶವಾಗಿ, ಕೋಶ ಚಿಟ್ಟೆಯಾಗುವುದನ್ನು ಕಣ್ಣಾರೆ ಕಂಡು, ಹುಳು ತಿನ್ನುವ ಗಿಡದ ಸಮೇತ ಬರೆದವಳು. 1699ರಲ್ಲಿ, ಐವತ್ತು ದಾಟಿದ ಮೇಲೆ, ಕಿರಿಮಗಳ ಜೊತೆ ದಕ್ಷಿಣ ಅಮೆರಿಕದ ಡಚ್ ವಸಾಹತು ಸುರಿನಾಮ್‌ಗೆ ಹೋದಳು. ಅದು ಗುಲಾಮರನ್ನು ಹಿಂಡಿ ಸಕ್ಕರೆ ತೆಗೆಯುತ್ತಿದ್ದ ನಾಡು. ಕಾಯಿಲೆ ಬಿದ್ದು 1701ರಲ್ಲಿ ಮರಳಿದಳು. 1705ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ 60 ಚಿತ್ರಗಳ ಪುಸ್ತಕ ಹೊರಬಂತು.

ಅದರ 45ನೇ ಚಿತ್ರದಲ್ಲಿರುವುದು ನಾವು ರತ್ನಗಂಧಿ, ಕೆಂಜಿಗೆ ಎನ್ನುವ ಕೆಂಪು-ಹಳದಿ ಹೂವು. ಜೊತೆಗೆ ಒಂದು ಹಸಿರು ಹುಳು, ಅದರ ಪತಂಗ. ಚಿತ್ರ ಇಷ್ಟೇ. ಆದರೆ ಅದರ ಜೊತೆಗಿನ ಬರಹದಲ್ಲಿ ಮೇರಿಯನ್ ಬೇರೆಯದೇ ಸಂಗತಿ ಹೇಳುತ್ತಾಳೆ. ಡಚ್ಚರ ಕೈಕೆಳಗೆ ನರಳುತ್ತಿದ್ದ ಮೂಲನಿವಾಸಿ ಹೆಂಗಸರು ಈ ಗಿಡದ ಬೀಜದಿಂದ ಬಸಿರು ಇಳಿಸಿಕೊಳ್ಳುತ್ತಿದ್ದರು. ಯಾಕಂದ್ರೆ, ತಮ್ಮ ಮಕ್ಕಳೂ ತಮ್ಮ ಹಾಗೆ ಗುಲಾಮರಾಗಬಾರದು. ಇದನ್ನು ಅವರ ಬಾಯಿಂದಲೇ ಕೇಳಿದೆ ಅಂತಾಳೆ.

ಗಿಡ ಯೂರೋಪಿನ ತೋಟಗಳಿಗೆ ಹೋಯಿತು. ಚಿತ್ರ ಶ್ರೀಮಂತರ ಪುಸ್ತಕಕೋಣೆ ಸೇರಿತು. ಆ ಹೆಂಗಸರ ಔಷಧಜ್ಞಾನ ಮಾತ್ರ ಅಲ್ಲಿನ ವೈದ್ಯದೊಳಗೆ ನೆಲೆಯೂರಲಿಲ್ಲ. ಮೇರಿಯನ್ ಕೂಡ ಮುಗ್ಧೆಯಲ್ಲ. ಕಾಡಿನಲ್ಲಿ ಕೊಡಲಿ ಹಿಡಿದು ಅವಳಿಗೆ ದಾರಿ ಕಡಿದುಕೊಟ್ಟವರು ಗುಲಾಮರೇ. ಅವರ ಮಾತನ್ನು ದಾಖಲಿಸಿದಳು, ಹೆಸರನ್ನು ದಾಖಲಿಸಲಿಲ್ಲ.

ಸುರಿನಾಮ್‌ನಲ್ಲಿ ಗುಲಾಮಗಿರಿ ಕಾನೂನಿನಲ್ಲಿ ರದ್ದಾದದ್ದು 1863ರಲ್ಲಿ. ಕಡ್ಡಾಯ ದುಡಿಮೆ ನಿಂತದ್ದು 1873ರಲ್ಲಿ. ಅದೇ 1873ರಲ್ಲಿ ಜೋತಿಬಾ ಫುಲೆ ‘ಗುಲಾಮಗಿರಿ’ಯನ್ನು ಬರೆದು, ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಜನರಿಗೆ ಅರ್ಪಿಸಿದರು. ಜಾತಿ ಮತ್ತು ಗುಲಾಮಗಿರಿ ಒಂದೇ ಅಲ್ಲ. ಆದರೆ ಎರಡರಲ್ಲೂ ಹುಟ್ಟೇ ಸಂಕೋಲೆ. ಆ ಸಂಕೋಲೆ ಮಗುವಿಗೆ ಬೀಳದಂತೆ ತಡೆಯಲು ಅವರ ಕೈಲಿದ್ದದ್ದು ಒಂದು ಹಿಡಿ ಬೀಜ.

ನಮ್ಮ ಕೇರಿಯಲ್ಲೊಬ್ಬ ಸೂಲಗಿತ್ತಿ ಅಜ್ಜಿಯಿದ್ದಳು. ಬೇರು-ಬಿತ್ತುಗಳ ಗುಣ ಬಲ್ಲವಳು. ಹೆರಿಗೆ ನೋವು ಬಂದಾಗ ಊರಿನವರು ಅವಳನ್ನು ಒಳಕೋಣೆಗೇ ಕರೀತಿದ್ರು. ಮಗು ಹುಟ್ಟಿ ಕೆಲಸ ಮುಗಿದರೆ ಅವಳು ನಿಂತ ಜಾಗಕ್ಕೆ ಸಗಣಿ ನೀರು. ಅವಳು ಸತ್ತಾಗ ನಾನು ಎಂ.ಎ. ಓದುತ್ತಿದ್ದೆ. ಒಂದು ಬೇರಿನ ಹೆಸರನ್ನೂ ಅವಳಿಂದ ಕೇಳಿ ಬರೆದಿಟ್ಟುಕೊಳ್ಳಲಿಲ್ಲ. ಪರದೇಶದ ಚಿತ್ರಕಾರ್ತಿಯೊಬ್ಬಳು ಅರ್ಧವಾದರೂ ಮಾಡಿದ ಕೆಲಸವನ್ನು, ಅದೇ ಕೇರಿಯಲ್ಲಿ ಹುಟ್ಟಿ ಅಕ್ಷರ ಕಲಿತ ನಾನು ಮಾಡಲಿಲ್ಲ.

ದಲಿತ ವಿಮರ್ಶೆ ಚಿತ್ರ ನೋಡಿದರೆ ಸಾಲದು, ಎದುರು ಪುಟವನ್ನೂ ಓದಬೇಕು. ಎದುರು ಪುಟವೇ ಇಲ್ಲದ ಕಡೆ, ಇನ್ನೂ ಬದುಕಿರುವ ಅಜ್ಜಿಯರ ಬಳಿ ಕೂತು ಅದನ್ನು ಬರೆಯಬೇಕು, ಅವರ ಹೆಸರಿನ ಸಮೇತ.