ಗ್ರೀಕರ ಏಳಿಗೆ ಮತ್ತು ವಿಜಯಪುರ ಸೀಮೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳು ಭೀಮಾ ಮತ್ತು ಕೃಷ್ಣಾ ನದಿಗಳ ನಡುವಿನ ಎರೆಭೂಮಿಯ ಊರುಗಳು. ಕಡಲು ಇಲ್ಲಿಂದ ಬಹು ದೂರ. ಹಾಗಿದ್ದೂ ಕಡಲನ್ನೇ ನಂಬಿ ಬೆಳೆದ ಗ್ರೀಕ್ ನಾಗರಿಕತೆಯ ಗ್ರಂಥವೊಂದರಲ್ಲಿ ಈ ಸೀಮೆಯ ಎರಡು ಊರುಗಳ ಹೆಸರಿದೆ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಕ್ರಿ.ಶ. 150ರ ಸುಮಾರಿಗೆ ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ ಟಾಲೆಮಿ ಬರೆದ ಭೂಗೋಳ ಗ್ರಂಥ ಅದು.

ಗ್ರೀಕರ ನಾಡು ಗುಡ್ಡಗಳಿಂದ ತುಂಬಿದ್ದು, ಉಳಲು ನೆಲ ಕಡಿಮೆ. ಕ್ರಿ.ಪೂ. 8ನೆಯ ಶತಮಾನದ ಹೊತ್ತಿಗೆ ಅವರು ಫಿನೀಷಿಯನ್ನರ ಲಿಪಿಯನ್ನು ತೆಗೆದುಕೊಂಡು, ಸ್ವರಾಕ್ಷರಗಳನ್ನು ಸೇರಿಸಿ, ತಮ್ಮ ನುಡಿಗೆ ಒಗ್ಗಿಸಿಕೊಂಡಿದ್ದರು. ಮೆಡಿಟರೇನಿಯನ್ ಮತ್ತು ಕಪ್ಪು ಸಮುದ್ರದ ದಂಡೆಗಳಲ್ಲಿ ಹೊಸ ಊರುಗಳನ್ನು ಕಟ್ಟಿದರು. ಏಷ್ಯಾ ಮೈನರಿನ ಅಯೋನಿಯ ಪ್ರದೇಶದ ಹೆಸರಿನಿಂದಲೇ ನಮ್ಮ ‘ಯೋನ’, ‘ಯವನ’ ಪದಗಳು ಹುಟ್ಟಿದವು. ಅಶೋಕನ 13ನೆಯ ಶಿಲಾಶಾಸನ ಐವರು ಯವನ ಅರಸರನ್ನು ಹೆಸರಿಸುತ್ತದೆ. ಕ್ರಿ.ಪೂ. 331ರಲ್ಲಿ ಅಲೆಕ್ಸಾಂಡರ್ ಅಡಿಪಾಯ ಹಾಕಿದ ಅಲೆಕ್ಸಾಂಡ್ರಿಯ ಮುಂದೆ ವ್ಯಾಪಾರಕ್ಕೂ ವಿದ್ಯೆಗೂ ದೊಡ್ಡ ನೆಲೆಯಾಯಿತು. ಅವನ ದಂಡು ಪಂಜಾಬಿನಿಂದಲೇ ಹಿಂದಿರುಗಿತು. ದಖ್ಖನಿಗೆ ಬಂದದ್ದು ವ್ಯಾಪಾರ.

ಮುಂಗಾರು ಗಾಳಿಯ ನೆರವಿನಿಂದ ನಡುಗಡಲನ್ನೇ ದಾಟುವ ದಾರಿ ತಿಳಿದ ಮೇಲೆ ಆ ವ್ಯಾಪಾರಕ್ಕೆ ವೇಗ ಬಂತು. 1ನೆಯ ಶತಮಾನದ ‘ಪೆರಿಪ್ಲಸ್’ ಎಂಬ ಗ್ರೀಕ್ ಕಡಲಯಾನದ ಕೈಪಿಡಿ ಭರೂಚಿನಿಂದ ಪೈಠಣಕ್ಕೆ 20 ದಿನಗಳ ದಾರಿ, ಅಲ್ಲಿಂದ ಪೂರ್ವಕ್ಕೆ ತಗರಕ್ಕೆ 10 ದಿನ ಎನ್ನುತ್ತದೆ. ತಗರವೆಂದರೆ ಇಂಡಿಗೆ ಉತ್ತರದಲ್ಲಿ, ಇಂದಿನ ಮಹಾರಾಷ್ಟ್ರದಲ್ಲಿರುವ ತೇರ. ಅಲ್ಲಿಯ ಬಟ್ಟೆ ಬಂಡಿಗಳಲ್ಲಿ ಬಂದರಿಗೆ ಹೋಗುತ್ತಿತ್ತು. ಶಾತವಾಹನರ ಆ ಕಾಲದಲ್ಲಿ ಭೀಮಾ ತೀರದ ಸನ್ನತಿಯೂ ಮೆರೆಯುತ್ತಿತ್ತು.

ಟಾಲೆಮಿ ಭಾರತಕ್ಕೆ ಬಂದವನಲ್ಲ. ತನಗಿಂತ ಹಿಂದಿನ ಭೂಗೋಳಜ್ಞ ಟೈರಿನ ಮರೀನಸನ ಬರಹವನ್ನೂ ನಾವಿಕರು, ವ್ಯಾಪಾರಿಗಳು ತಂದ ಸುದ್ದಿಯನ್ನೂ ಆಧರಿಸಿ ಊರುಗಳಿಗೆ ಅಕ್ಷಾಂಶ, ರೇಖಾಂಶ ಕೊಟ್ಟನು. 7ನೆಯ ಭಾಗದಲ್ಲಿ ದಖ್ಖನಿನ ಒಳನಾಡಿನ ಊರುಗಳ ಒಂದು ಸಾಲು ಬರುತ್ತದೆ: ಇಂಡೆ, ಬಲೆಯೊಕೂರನ ರಾಜಧಾನಿ ಹಿಪ್ಪೊಕೂರ, ಸಿರಿಮಲಗ, ಕಲ್ಲಿಗೆರಿಸ್, ಮೊದೊಗುಲ್ಲ, ಬನೌಆಸೆಯ್. ಕೊನೆಯದು ಬನವಾಸಿ ಎಂಬುದರಲ್ಲಿ ಅನುಮಾನವಿಲ್ಲ. ಮೊದೊಗುಲ್ಲವನ್ನು ಮುದಗಲ್ಲೆಂದೂ ಸಿರಿಮಲಗವನ್ನು ಮಳಖೇಡವೆಂದೂ ಓದಿದವರಿದ್ದಾರೆ. 1884ರ ಮುಂಬಯಿ ಪ್ರಾಂತ್ಯದ ಬಿಜಾಪುರ ಗೆಜೆಟಿಯರ್ ಇಂಡೆಯನ್ನು ಇಂಡಿಯೆಂದೂ, ಕಲ್ಲಿಗೆರಿಸನ್ನು ಹಳೆಯ ಸಿಂದಗಿ ತಾಲ್ಲೂಕಿನ ಕಲಕೇರಿಯೆಂದೂ ಗುರುತಿಸಿತು. ಮುದ್ದೇಬಿಹಾಳಕ್ಕಾಗಲಿ ಬಾಗೇವಾಡಿಗಾಗಲಿ ಹೊಂದುವ ಹೆಸರು ಈ ಸಾಲಿನಲ್ಲಿಲ್ಲ.

ಈ ಗುರುತುಗಳಿಗೆ ಮುಖ್ಯ ಆಧಾರ ಹೆಸರಿನ ಉಲಿ. ಟಾಲೆಮಿಯ ನಕ್ಷೆಯಲ್ಲಿ ದಕ್ಷಿಣ ಭಾರತದ ಚೂಪು ತುದಿಯೇ ಇಲ್ಲ. ಪಶ್ಚಿಮ ಕರಾವಳಿ ಪೂರ್ವದತ್ತ ಹೊರಳಿಬಿಟ್ಟಿದೆ. ಅವನ ಅಂಶಗಳನ್ನು ಹಿಡಿದು ಹೊರಟರೆ ಊರು ಸಿಕ್ಕುವುದಿಲ್ಲ. ಇಂಡೆ ಎಂಬ ಎರಡೇ ಅಕ್ಷರದ ಹೋಲಿಕೆಯನ್ನು ಆದ್ದರಿಂದ ಎಚ್ಚರದಿಂದಲೇ ಒಪ್ಪಬೇಕು. ಕಲ್ಲಿಗೆರಿಸಿನ ತೂಕ ಅದಕ್ಕಿಂತ ಹೆಚ್ಚಿನದು. ಗ್ರೀಕ್ ಪ್ರತ್ಯಯದ ಸಕಾರವನ್ನು ತೆಗೆದರೆ ಉಳಿಯುವ ‘ಗೆರಿ’ ನಮ್ಮ ಕೇರಿಯನ್ನೇ ಹೋಲುತ್ತದೆ. ಹಾಗೆ ಓದುವುದು ಸರಿಯಾದರೆ, ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನಕ್ಕೆ ಮೂರು ಶತಮಾನ ಮೊದಲೇ ಕನ್ನಡದ ಒಂದು ಊರಹೆಸರು ಗ್ರೀಕ್ ಲಿಪಿಯಲ್ಲಿ ದಾಖಲಾಗಿದೆ.