ಉಬಿನ್ ದ್ವೀಪ: ಕಲ್ಲು, ಸೈಕಲ್ ಮತ್ತು ಜನ

ಶಾಲಾ ರಜೆ ಬಂತೆಂದರೆ ಸಿಂಗಪುರದ ನಮ್ಮ ಸಂಘದ ಎಷ್ಟೋ ಕುಟುಂಬಗಳು ಚಾಂಗಿ ಪಾಯಿಂಟ್ ದೋಣಿಕಟ್ಟೆಯಲ್ಲಿ ಎದುರಾಗುತ್ತವೆ. 12 ಜನ ಸೇರಿದ ಕೂಡಲೇ ದೋಣಿ ಹೊರಡುತ್ತದೆ. ಹತ್ತು ಹದಿನೈದು ನಿಮಿಷದಲ್ಲಿ ಪುಲಾವ್ ಉಬಿನ್. ತಗಡಿನ ಮಾಡು, ಅಂಗಳದ ಕೋಳಿ, ಬಾವಿ, ಹಣ್ಣಿನ ಮರಗಳನ್ನು ಕಂಡಾಗ "ಥೇಟ್ ನಮ್ಮ ಅಜ್ಜಿ ಊರು!" ಎಂಬ ಮಾತು ತಾನಾಗಿ ಬರುತ್ತದೆ. ನಾನೂ ಹಾಗೆ ಹೇಳಿದವನೇ. ಆದರೆ ದ್ವೀಪದ ಚರಿತ್ರೆಯನ್ನು ಓದುತ್ತಾ ಹೋದಂತೆ, ನಾವು ನೋಡಲು ಹೋಗುವ ಹಳ್ಳಿಗೂ ಅಲ್ಲಿ ನಿಜವಾಗಿ ಬದುಕಿದ್ದ ಹಳ್ಳಿಗೂ ಇರುವ ಅಂತರ ಕಾಣತೊಡಗಿತು.

ಜೋಹೋರ್ ಜಲಸಂಧಿಯಲ್ಲಿರುವ ಈ ದ್ವೀಪದ ವಿಸ್ತೀರ್ಣ ಸುಮಾರು 10 ಚದರ ಕಿಲೋಮೀಟರ್. ಇದರ ಸಂಪತ್ತು ಗ್ರಾನೈಟ್ ಕಲ್ಲು. 1850-51ರಲ್ಲಿ ಪೆದ್ರಾ ಬ್ರಾಂಕಾ ಬಂಡೆಯ ಮೇಲೆ ಹಾರ್ಸ್‌ಬರ್ಗ್ ದೀಪಸ್ತಂಭ ಕಟ್ಟಲು ಕಲ್ಲು ಹೋದದ್ದು ಇಲ್ಲಿಂದ. 1924ರಲ್ಲಿ ಉದ್ಘಾಟನೆಯಾದ ಜೋಹೋರ್ ಕಾಸ್‌ವೇಗೂ ಇಲ್ಲಿಯ ಕಲ್ಲು ಬಳಕೆಯಾಯಿತು. ನಾವು ಪ್ರತಿವರ್ಷ ಮಲೇಷ್ಯಾಕ್ಕೆ ಕಾರಿನಲ್ಲಿ ದಾಟುವ ದಾರಿಯ ಅಡಿಯಲ್ಲಿ ಉಬಿನ್ ಕಾರ್ಮಿಕರ ಬೆವರಿದೆ.

ಕಲ್ಲುಗಣಿಗಳು ಜೋರಾಗಿದ್ದ ಕಾಲದಲ್ಲಿ ಇಲ್ಲಿ ಸುಮಾರು 2,000 ಚೀನೀ ಮತ್ತು ಮಲಯ್ ಜನರು ವಾಸವಾಗಿದ್ದರು. ಗಣಿಯ ಜೊತೆಗೆ ರಬ್ಬರ್, ತೆಂಗು, ಮೀನುಗಾರಿಕೆಯೂ ಇತ್ತು. 1952ರಲ್ಲಿ ಬಿನ್ ಕಿಯಾಂಗ್ ಶಾಲೆ ಆರಂಭವಾಯಿತು. ಗಣಿಗಳು ಒಂದೊಂದಾಗಿ ನಿಂತಂತೆ ಯುವಕರು ಕೆಲಸ ಹುಡುಕಿಕೊಂಡು ಸಿಂಗಪುರದ ಎತ್ತರದ ಮನೆಗಳಿಗೆ ಹೋದರು. ಮಕ್ಕಳಿಲ್ಲದೆ 1985ರಲ್ಲಿ ಶಾಲೆ ಮುಚ್ಚಿತು. 1999ರಲ್ಲಿ ಕೊನೆಯ ಗಣಿಯೂ ನಿಂತಿತು. ನಾವು ಫೋಟೋ ತೆಗೆಸಿಕೊಳ್ಳುವ ಹಸಿರು ನೀರಿನ ಸುಂದರ ಕೆರೆಗಳು ಆ ಗಣಿಗಳ ಗುಂಡಿಗಳೇ.

ಉಳಿದವರಿಗೆ ಆಸರೆಯಾದದ್ದು ಪ್ರವಾಸಿಗರು. ಸೈಕಲ್ ಬಾಡಿಗೆ, ಎಳನೀರು, ಮೀನೂಟ, ವ್ಯಾನ್ ಸವಾರಿ ಜೀವನೋಪಾಯವಾದವು. 2001ರಲ್ಲಿ ದ್ವೀಪದ ಪೂರ್ವ ತುದಿಯ ಚೆಕ್ ಜಾವಾ ತೀರವನ್ನು ಮಣ್ಣು ತುಂಬಿಸಿ ವಿಸ್ತರಿಸುವ ಯೋಜನೆ ಸುದ್ದಿಯಾಯಿತು. ಸ್ವಯಂಸೇವಕರು ಅಲ್ಲಿಯ ಜೀವಿಗಳನ್ನು ದಾಖಲಿಸಿದರು. ಕಣ್ಮರೆಯಾಗುವ ಮೊದಲು ಒಮ್ಮೆ ನೋಡೋಣವೆಂದು ಜನ ಹರಿದುಬಂದರು. ಆ ವರ್ಷದ ಡಿಸೆಂಬರಿನಲ್ಲಿ ಸರ್ಕಾರ ಯೋಜನೆಯನ್ನು ಮುಂದೂಡಿತು. 2007ರಲ್ಲಿ ಮರದ ಕಾಲುದಾರಿ ಸಿದ್ಧವಾಗಿ ಚೆಕ್ ಜಾವಾ ದ್ವೀಪದ ಮುಖ್ಯ ಆಕರ್ಷಣೆಯಾಯಿತು. ಪ್ರವಾಸಿಗರ ಪ್ರೀತಿ ಒಂದು ಕಡಲತೀರವನ್ನು ಉಳಿಸಬಲ್ಲದು ಎಂಬುದಕ್ಕೆ ಇದೊಂದು ನಿದರ್ಶನ.

ಆದರೆ ಅದೇ ಪ್ರೀತಿ ಹಳ್ಳಿಯನ್ನು ಉಳಿಸಿತೇ? ಶಾಲೆಯಂತೂ ಉಳಿಯಲಿಲ್ಲ. 2013ರಲ್ಲಿ 22 ಮನೆಗಳಿಗೆ ಸರ್ಕಾರಿ ಪತ್ರ ತಲುಪಿದಾಗ ಒಕ್ಕಲೆಬ್ಬಿಸುತ್ತಾರೆಂಬ ಆತಂಕ ಹರಡಿತು. ಎಬ್ಬಿಸುವುದಿಲ್ಲ, ಭೂಮಿ ಸರ್ಕಾರದ್ದಾದ್ದರಿಂದ ಬಾಡಿಗೆ ಕೊಡಬೇಕು ಎಂಬ ಸ್ಪಷ್ಟನೆ ಬಂತು. ತಲೆಮಾರುಗಳಿಂದ ಇದ್ದವರೂ ತಮ್ಮ ಅಂಗಳದಲ್ಲಿ ಬಾಡಿಗೆದಾರರೆಂಬುದು ಅನೇಕರಿಗೆ ತಿಳಿದದ್ದೇ ಆಗ. 2014ರಲ್ಲಿ ಉಬಿನ್ ಯೋಜನೆ ಆರಂಭವಾಗಿ ದ್ವೀಪದ ನಿಸರ್ಗ ಮತ್ತು ಪರಂಪರೆಯ ಬಗ್ಗೆ ಸಾರ್ವಜನಿಕರ ಸಲಹೆ ಕೇಳಲಾಯಿತು. ಇದು ಒಳ್ಳೆಯ ಹೆಜ್ಜೆ. ಆದರೂ ಈಗ ಉಳಿದಿರುವವರು ಕೆಲವೇ ಡಜನ್ ಜನ, ಹೆಚ್ಚಿನವರು ವೃದ್ಧರು.

ಆದ್ದರಿಂದ ಸಣ್ಣ ದ್ವೀಪದ, ಸಣ್ಣ ಊರಿನ ಪ್ರವಾಸೋದ್ಯಮವನ್ನು ಅಧ್ಯಯನ ಮಾಡುವವರಿಗೆ ಬಂದುಹೋದವರ ಲೆಕ್ಕವೊಂದೇ ಸಾಲದು. ರಾತ್ರಿ ದೀಪ ಹಚ್ಚುವ ಮನೆಗಳೆಷ್ಟು, ಅಂಗಡಿಯನ್ನು ಮುಂದೆ ನೋಡಿಕೊಳ್ಳುವವರು ಯಾರು, ನೆಲ ಯಾರದು ಎಂದೂ ಕೇಳಬೇಕು. ರಿಪೇರಿಯಾದ ಮನೆಯಲ್ಲಿ ಒಲೆ ಉರಿಯದಿದ್ದರೆ ಅದು ವಸ್ತುಸಂಗ್ರಹಾಲಯ. ಹೋಂಸ್ಟೇಗಳು ತುಂಬಿರುವ ನಮ್ಮ ಕೊಡಗು, ಮಲೆನಾಡುಗಳ ಬಗ್ಗೆಯೂ ಇದೇ ಪ್ರಶ್ನೆಗಳನ್ನು ಕೇಳಬಹುದು. ಮಕ್ಕಳೆಲ್ಲ ಊರು ಬಿಟ್ಟ ಅಜ್ಜಿಮನೆಗಳ ಕಥೆ ನಮಗೆ ಗೊತ್ತಿಲ್ಲದ್ದೇನಲ್ಲ. ಬಿಟ್ಟು ಬಂದ ಮಕ್ಕಳು ನಾವೇ.

ಮುಂದಿನ ಸಲ ಉಬಿನ್‌ಗೆ ಹೋದಾಗ ಸೈಕಲ್ ಹಿಂದಿರುಗಿಸಿ ದೋಣಿಗೆ ಓಡುವ ಮೊದಲು ಅಂಗಡಿಯ ಹಿರಿಯರ ಬಳಿ ಹತ್ತು ನಿಮಿಷ ಕೂರೋಣ. ಅವರು ಯಾವ ಶಾಲೆಗೆ ಹೋಗಿದ್ದರು, ಅವರ ತಂದೆ ಯಾವ ಗಣಿಯಲ್ಲಿದ್ದರು ಎಂದು ನಮ್ಮ ಮಕ್ಕಳೇ ಕೇಳಲಿ, ಬರೆದಿಟ್ಟುಕೊಳ್ಳಲಿ. ಹೇಳುವವರು ಇರುವಾಗಲೇ ಕೇಳಬೇಕಾದ ಚರಿತ್ರೆ ಇದು.