ಬೆಂಗಳೂರಲ್ಲಿ ವಿಸ್ಕಿ: ಎಲ್ಲಿ ಕೂರಬೇಕು, ಬಿಲ್‌ನಲ್ಲಿ ಏನು ನೋಡಬೇಕು

ಬೆಂಗಳೂರು ಅಂದ್ರೆ ಬಿಯರ್ ಊರು ಅನ್ನೋ ಹೆಸರು ಗಟ್ಟಿಯಾಗಿ ಅಂಟಿಕೊಂಡಿದೆ. ಶನಿವಾರ ಸಂಜೆ ಇಂದಿರಾನಗರದ ಟಾಯ್ಟ್ ಮುಂದೆ ಹೋಗಿ ನಿಂತರೆ ಅದು ಸುಳ್ಳು ಅನ್ನಿಸೋದೂ ಇಲ್ಲ. ಆದರೆ ಭಾರತದ ಸಿಂಗಲ್ ಮಾಲ್ಟ್ ಜಗತ್ತಿಗೆ ಗೊತ್ತಾಗಿದ್ದು ಇದೇ ಊರಿನ ಅಮೃತ್ ಡಿಸ್ಟಿಲರೀಸ್‌ನಿಂದ. 1948ರಲ್ಲಿ ಶುರುವಾದ ಈ ಕಂಪನಿ ತನ್ನ ಸಿಂಗಲ್ ಮಾಲ್ಟನ್ನು 2004ರಲ್ಲಿ ಮೊದಲು ಬಿಡುಗಡೆ ಮಾಡಿದ್ದು ಗ್ಲಾಸ್ಗೋದಲ್ಲಿ. ನಮ್ಮೂರಿನ ಅಂಗಡಿಗೆ ಅದು ಬಂದಿದ್ದು ವರ್ಷಗಳ ನಂತರ. ಅಷ್ಟರಲ್ಲಿ ಜಿಮ್ ಮರ್ರೆಯ ‘ವಿಸ್ಕಿ ಬೈಬಲ್’ನ 2010ರ ಆವೃತ್ತಿ ಅಮೃತ್ ಫ್ಯೂಷನ್‌ಗೆ ಜಗತ್ತಿನ ಮೂರನೇ ಸ್ಥಾನ ಕೊಟ್ಟಾಗಿತ್ತು.

ಒಂದು ಲೆಕ್ಕ ಹೇಳಿಬಿಡ್ತೀನಿ, ಎಂಜಿನಿಯರಿಂಗ್ ಓದಿದ ಚಟ. ಪೀಪಾಯಿಯಲ್ಲಿಟ್ಟ ವಿಸ್ಕಿ ಸ್ಕಾಟ್ಲೆಂಡ್‌ನಲ್ಲಿ ವರ್ಷಕ್ಕೆ ಸುಮಾರು ಶೇ 2ರಷ್ಟು ಆವಿಯಾಗುತ್ತೆ. ನಮ್ಮ ಹವೆಯಲ್ಲಿ ಅದು ಶೇ 10-12. ಅಂದರೆ 12 ವರ್ಷ ಇಟ್ಟರೆ 100 ಲೀಟರ್‌ನಲ್ಲಿ ಉಳಿಯೋದು 25 ಲೀಟರ್ ಆಸುಪಾಸು, ಅಲ್ಲಿ 78. ಹಾಗಾಗಿ ಇಲ್ಲಿನ ಮಾಲ್ಟ್ ನಾಲ್ಕೈದು ವರ್ಷಕ್ಕೇ ಬಾಟಲಿಗೆ ಇಳಿಯುತ್ತೆ. ಬಿಸಿಲಿಗೆ ಮಾಗೋದೂ ಬೇಗ. ‘12 ವರ್ಷ ಆಗಿಲ್ವಲ್ಲ’ ಅಂತ ಮೂಗು ಮುರಿಯೋರಿಗೆ ಇಷ್ಟು ಸಾಕು.

ಎಲ್ಲಿ ಕುಡೀಬೇಕು ಅನ್ನೋದಕ್ಕೆ ಮೊದಲು ಲೈಸೆನ್ಸ್ ಗೊತ್ತಿರಲಿ. ವೈನ್ ಶಾಪ್‌ನದು ಸಿಎಲ್-2: ಎಂಆರ್‌ಪಿಗೆ ಕೊಂಡು ಮನೆಗೆ ಒಯ್ಯಬೇಕು. ಕೌಂಟರ್ ಪಕ್ಕದಲ್ಲೇ ಪ್ಲಾಸ್ಟಿಕ್ ಲೋಟ ಹಿಡಿದು ನಿಲ್ಲೋದನ್ನ ಎಲ್ಲರೂ ನೋಡಿದ್ದೀವಿ, ನಿಯಮದ ಪ್ರಕಾರ ಅದಕ್ಕೆ ಅವಕಾಶ ಇಲ್ಲ. ಬಾರ್ ಅಂಡ್ ರೆಸ್ಟೋರೆಂಟ್ ಸಿಎಲ್-9, ವಸತಿ ಇರೋ ಹೋಟೆಲ್ ಸಿಎಲ್-7, ಕ್ಲಬ್‌ಗಳದ್ದು ಸಿಎಲ್-4. ಚರ್ಚಿಲ್ 13 ರೂಪಾಯಿ ಬಾಕಿ ಉಳಿಸಿ ಹೋದ ಬೆಂಗಳೂರು ಕ್ಲಬ್ಬು ಈ ಕೊನೆಯ ಪೈಕಿ. ಸದಸ್ಯರ ಸ್ನೇಹ ಇಲ್ಲದೆ ಒಳಗೆ ಹೋಗೋಕಾಗಲ್ಲ, ಬಿಡಿ.

ಬಗೆಬಗೆಯ ವಿಸ್ಕಿ ಬೇಕು, ಖರ್ಚಿನ ಚಿಂತೆ ಇಲ್ಲ ಅನ್ನೋರಿಗೆ ದೊಡ್ಡ ಹೋಟೆಲ್‌ಗಳೇ ಸರಿ. ಐಟಿಸಿ ವಿಂಡ್ಸರ್‌ನ ಡಬ್ಲಿನ್ ಐರಿಷ್ ಪಬ್ ಮಾದರಿಯದು. ಮರದ ಕೆಲಸ, ಮಂದ ಬೆಳಕು, ಮಾತಾಡೋಕಾಗುವಷ್ಟು ಸದ್ದು. ಬಳ್ಳಾರಿ ರಸ್ತೆಯ ಫೋರ್ ಸೀಸನ್ಸ್‌ನ ಕೊಪಿಟಾಸ್, ಲೀಲಾ ಪ್ಯಾಲೇಸ್‌ನ ಝಡ್‌ಎಲ್‌ಬಿ23 ಎರಡೂ ಕಾಕ್‌ಟೇಲ್‌ಗೆ ಹೆಸರಾದವು. ವಿಸ್ಕಿಯನ್ನು ನೀಟಾಗಿ ಕುಡಿಯೋರು ಅಲ್ಲಿ ದುಡ್ಡು ಕೊಡೋದು ಹೆಚ್ಚಾಗಿ ಜಾಗಕ್ಕೆ.

ನನ್ನ ಓಟು ವಸಂತನಗರದ ಕೊಡವ ಸಮಾಜ ಕಟ್ಟಡದಲ್ಲಿರೋ ವಿಂಡ್ಸರ್ ಪಬ್‌ಗೆ. ಪಂದಿ ಕರಿ ಜೊತೆ ಒಂದು ಲಾರ್ಜ್, ಸೋಡಾ ಬೇಡ, ಸ್ವಲ್ಪ ನೀರು. ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್‌ಗೆ ವಿಸ್ಕಿ ಪಟ್ಟಿ ನೋಡಿ ಯಾರೂ ಹೋಗಲ್ಲ, ಹರಟೆಗೆ ಹೋಗ್ತಾರೆ. ಎರಡು ಗಂಟೆ ಕೂತರೂ ಎಬ್ಬಿಸದ ಜಾಗ ಈ ಊರಲ್ಲಿ ಇನ್ನೆಷ್ಟು ಉಳಿದಿವೆ?

ಇನ್ನು ಏರಿಯಾಗೊಂದರಂತೆ ಇರೋ ಮಾಮೂಲಿ ಬಾರ್‌ಗಳು. ಚಿಲ್ಲಿ ಚಿಕನ್, ಎಗ್ ಬುರ್ಜಿ, ಮಸಾಲೆ ಕಡ್ಲೆಬೀಜ ಚೆನ್ನಾಗಿರುತ್ತೆ. ಹೆಣ್ಣುಮಕ್ಕಳ ಜೊತೆ ಹೋದರೆ ಮಾತ್ರ ‘ಫ್ಯಾಮಿಲಿ ಸೆಕ್ಷನ್ ಮೇಲಿದೆ ಸಾರ್’ ಅಂತ ಕಳಿಸಿಬಿಡ್ತಾರೆ. ಇಬ್ಬರೇ ಹೆಣ್ಣುಮಕ್ಕಳು ಹೋಗಿ ನೆಮ್ಮದಿಯಾಗಿ ಕೂರೋಕೆ ಇವತ್ತಿಗೂ ದುಬಾರಿ ಪಬ್‌ಗೇ ಹೋಗಬೇಕು. ಇದೂ ಒಂದು ಥರದ ಸುಂಕವೇ. ಇಂಥ ಬಾರ್‌ಗಳಲ್ಲಿ ಲೂಸ್ ಪೆಗ್ ಬದಲು ಸೀಲ್ ಇರೋ ಕ್ವಾರ್ಟರ್ ತಗೊಂಡು ಇಬ್ಬರು ಹಂಚಿಕೊಳ್ಳೋದು ಮೇಲು. ಏನು ಕುಡೀತಿದ್ದೀವಿ ಅನ್ನೋದಾದ್ರೂ ಖಾತ್ರಿ. ಲೇಬಲ್ಲನ್ನೂ ಓದಿ. ಅಗ್ಗದ ನಮ್ಮ ವಿಸ್ಕಿಗಳಲ್ಲಿ ಬಹುಪಾಲು ನ್ಯೂಟ್ರಲ್ ಸ್ಪಿರಿಟ್, ಎಷ್ಟೋ ಕಡೆ ಕಾಕಂಬಿಯದ್ದು. ಕಾಕಂಬಿಯಿಂದ ಮಾಡಿದ್ದಕ್ಕೆ ಯುರೋಪ್‌ನಲ್ಲಿ ವಿಸ್ಕಿ ಅಂತ ಕರೆಯೋಕೇ ಬಿಡಲ್ಲ.

ಬಾರ್‌ನಲ್ಲಿ ಎಂಆರ್‌ಪಿಗಿಂತ ಹೆಚ್ಚು ಇರೋದು ಸಹಜ. ಎಷ್ಟು ಹೆಚ್ಚು ಅಂತ ತಿಳೀಬೇಕಾದ್ರೆ 30 ಎಂಎಲ್ ದರವನ್ನು 25ರಿಂದ ಗುಣಿಸಿ 750 ಎಂಎಲ್ ಬಾಟಲಿಯ ಬೆಲೆಗೆ ಹೋಲಿಸಿ. ಮದ್ಯಕ್ಕೆ ಜಿಎಸ್‌ಟಿ ಇಲ್ಲ, ಊಟ-ತಿಂಡಿಗಷ್ಟೇ. ಒಟ್ಟು ಮೊತ್ತದ ಮೇಲೆ ಹಾಕಿದ್ದರೆ ಬಿಲ್ ವಾಪಸ್ ಕೊಡಿ. ಸರ್ವಿಸ್ ಚಾರ್ಜ್ ಕೊಡಲೇಬೇಕು ಅನ್ನೋ ಕಡ್ಡಾಯವೂ ಇಲ್ಲ. ಸರ್ಕಾರದ ಪಾಲಿನ ಬಗ್ಗೆ ಮಾತ್ರ ಮಾಣಿಯ ಹತ್ತಿರ ಜಗಳ ಆಡಿ ಪ್ರಯೋಜನ ಇಲ್ಲ. 2023ರ ಜುಲೈ ಬಜೆಟ್‌ನಲ್ಲಿ 18 ಸ್ಲ್ಯಾಬ್‌ಗಳಿಗೂ ಹೆಚ್ಚುವರಿ ಅಬಕಾರಿ ಸುಂಕ ಶೇ 20 ಏರಿತು. ಮರುವರ್ಷ ಆಗಸ್ಟ್‌ನಲ್ಲಿ ಇಳಿದಿದ್ದು ದುಬಾರಿ ಬ್ರ್ಯಾಂಡ್‌ಗಳದ್ದು. ಕ್ವಾರ್ಟರ್ ಕುಡಿಯೋ ಕೂಲಿಯವನಿಗೆ ಆ ಭಾಗ್ಯ ಬರಲಿಲ್ಲ.

ವಾಪಸ್ ಹೋಗೋದು ಹೇಗೆ ಅನ್ನೋದನ್ನ ಮೊದಲ ಪೆಗ್‌ಗೂ ಮುಂಚೆ ತೀರ್ಮಾನಿಸಿ. ಕಾನೂನಿನ ಮಿತಿ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ ಆಲ್ಕೋಹಾಲ್. ನಮ್ಮ ವಿಸ್ಕಿ ಶೇ 42.8ರದ್ದು. 60 ಎಂಎಲ್‌ನಲ್ಲಿ ಸುಮಾರು 20 ಗ್ರಾಂ ಆಲ್ಕೋಹಾಲ್ ಇರುತ್ತೆ. 70 ಕೆಜಿ ತೂಕದ ಗಂಡಸು ಖಾಲಿ ಹೊಟ್ಟೆಯಲ್ಲಿ ಕುಡಿದರೆ ಆ ಒಂದೇ ಲಾರ್ಜ್‌ಗೆ ಮಿತಿ ದಾಟಬಹುದು. ಸಿಕ್ಕಿಬಿದ್ದರೆ ಮೊದಲ ಸಲಕ್ಕೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಬಾರ್‌ಗಳು ರಾತ್ರಿ 1 ಗಂಟೆವರೆಗೂ ತೆರೆದಿರಬಹುದು, ಕೊನೆಯ ಮೆಟ್ರೋ ಅದಕ್ಕಿಂತ ಎಷ್ಟೋ ಮೊದಲೇ ಹೋಗಿರುತ್ತೆ. ಆ ಹೊತ್ತಲ್ಲಿ ಆಟೋದವರು ಕೇಳೋ ರೇಟನ್ನೂ ಬಜೆಟ್‌ಗೆ ಸೇರಿಸಿಕೊಳ್ಳಿ.